ಸಾರುವವರು, ಕೇಳಿಸಿಕೊಳ್ಳುವವರು: ವಿದ್ವತ್ ಪ್ರಕಟಣೆಗಳ ಒಂದು ಓದು

ದಲಿತ ವಿಮರ್ಶೆ ಇಲ್ಲಿಯವರೆಗೆ ಕಥೆ, ಕಾದಂಬರಿ, ಕಾವ್ಯ, ಆತ್ಮಕಥನಗಳನ್ನು ಓದಿದೆ. ಪುರಾಣಗಳನ್ನು, ಪಠ್ಯಪುಸ್ತಕಗಳನ್ನು ಒಡೆದು ನೋಡಿದೆ. ಆದರೆ ಕಾಲೇಜಿನ ಸೂಚನಾ ಫಲಕದ ಮೇಲೆ ಗುಂಡುಸೂಜಿ ಚುಚ್ಚಿಸಿಕೊಂಡು ನೇತಾಡುವ ಕಾಗದವನ್ನು ಒಂದು ಪಠ್ಯ ಅಂತ ನಾವು ಓದಿದ್ದು ಕಡಿಮೆ. ಅದರಲ್ಲಿ ಓದೋದಕ್ಕೆ ಏನಿದೆ, ದಿನಾಂಕ ನೋಡ್ಕೊಂಡರೆ ಮುಗೀತಲ್ಲ ಅಂತ ನಾನೂ ಅಂದುಕೊಂಡಿದ್ದೆ. ಮನೋವಿಜ್ಞಾನ, ಭಾಷೆ, ಕಂಪ್ಯೂಟರ್ ಮೂಲಕದ ಶಿಕ್ಷಣ ಈ ಮೂರನ್ನೂ ಒಂದೇ ಚಪ್ಪರದಡಿ ತರುತ್ತೇವೆಂದು ಹೇಳಿಕೊಳ್ಳುವ ವಿಚಾರ ಸಂಕಿರಣ, ಕಮ್ಮಟ, ವಿಶೇಷ ಸಂಚಿಕೆಗಳ ಪ್ರಕಟಣೆಗಳು ಕಳೆದ ಎರಡು ವರ್ಷಗಳಿಂದ ನನ್ನ ಕೈಗೆ ಬರುತ್ತಲೇ ಇವೆ. ಅವನ್ನೆಲ್ಲ ಒಂದು ಫೈಲಿಗೆ ಹಾಕಿ ಒಂದೇ ಸಲ ಕೂತು ಓದಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಇವಕ್ಕೆ ತಮ್ಮದೇ ವ್ಯಾಕರಣವಿದೆ, ತಮ್ಮದೇ ಗರ್ಭಗುಡಿ ಇದೆ, ತಮ್ಮದೇ ಹೊರಗಿನವರೂ ಇದ್ದಾರೆ.

ಮೊದಲು ವ್ಯಾಕರಣ. ‘ಪ್ರಬಂಧಗಳನ್ನು ಆಹ್ವಾನಿಸಲಾಗಿದೆ.’ ಯಾರು ಆಹ್ವಾನಿಸಿದರು? ಕರ್ತೃ ಇಲ್ಲ. ‘ಅರ್ಹರು ಸದುಪಯೋಗ ಪಡೆಯತಕ್ಕದ್ದು.’ ಅರ್ಹರು ಯಾರು? ಹೇಳಿಲ್ಲ, ಯಾಕೆಂದರೆ ಅರ್ಹರಾದವರಿಗೆ ಅದು ಹುಟ್ಟುತ್ತಲೇ ಗೊತ್ತಿರುತ್ತದೆ. ಆಮೇಲೆ ಹಿನ್ನೆಲೆ ಟಿಪ್ಪಣಿ: ಜಾಗತೀಕರಣ, ಜ್ಞಾನಸಮಾಜ, ಕೃತಕ ಬುದ್ಧಿಮತ್ತೆ. ಆಮೇಲೆ ಉಪವಿಷಯಗಳ ಪಟ್ಟಿ. ಈ ಪಟ್ಟಿಯ ಒಂಬತ್ತನೆಯದೋ ಹನ್ನೊಂದನೆಯದೋ ಸಾಲಿನಲ್ಲಿ, ‘ಇತರೆ’ ಅನ್ನೋದಕ್ಕೆ ಸ್ವಲ್ಪ ಮುಂಚೆ, ನಾವು ಬರುತ್ತೇವೆ. ‘ಅವಕಾಶವಂಚಿತ ಕಲಿಕಾರ್ಥಿಗಳು’, ‘ಭಾಷಿಕ ಕೊರತೆ’, ‘ತಂತ್ರಜ್ಞಾನದ ಮೂಲಕ ಸಬಲೀಕರಣ’, ಹೆಚ್ಚುಕಡಿಮೆ ಈ ಮಾತುಗಳಲ್ಲಿ. ವಂಚಿತರು ಅಂದಮೇಲೆ ವಂಚಿಸಿದವರು ಇರಬೇಕಲ್ಲ? ಅಲ್ಲೂ ಕರ್ತೃ ಇಲ್ಲ. ನಾವು ಪ್ರಥಮ ಪುರುಷ ಬಹುವಚನ: ‘ಅವರು’. ಮಧ್ಯಮ ಪುರುಷದ ‘ನೀವು’ ಬೇರೆಯವರಿಗೆ ಮೀಸಲು. ಪ್ರಕಟಣೆ ನಮ್ಮ ಬಗ್ಗೆ ಮಾತಾಡುತ್ತದೆ, ನಮ್ಮ ಜೊತೆ ಮಾತಾಡುವುದಿಲ್ಲ.

ಕೊನೆಗೆ ನಿಯಮಗಳು. ಸಾರಲೇಖ 300 ಪದ ಮೀರಬಾರದು, ನುಡಿ ತಂತ್ರಾಂಶದಲ್ಲಿ ಇಂಥ ಅಳತೆಯ ಅಕ್ಷರ, ನೋಂದಣಿ ಶುಲ್ಕಕ್ಕೆ ಒಂದು ಕ್ಯೂಆರ್ ಕೋಡ್. ಈ ನುಡಿಯ ವಿಷಯ ಸಣ್ಣದಾಗಿ ಕಾಣಬಹುದು. ಕನ್ನಡಕ್ಕೆ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, ಅಂದರೆ 1991ರಲ್ಲೇ ಜಾಗ ಸಿಕ್ಕಿದೆ. ಆದರೂ ಹಳೆಯ ಸಂಕೇತದಲ್ಲಿ ಬೆರಳಚ್ಚಾದ ಕಡತಗಳು ಇವತ್ತೂ ಓಡಾಡುತ್ತಿವೆ. ಅದನ್ನು ಫೋನಿನಲ್ಲಿ ತೆರೆದರೆ ಕನ್ನಡದ ಬದಲು ತಲೆಮೇಲೆ ಗೆರೆ ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಜಾತ್ರೆ ಕಾಣುತ್ತದೆ. ಕಂಪ್ಯೂಟರ್ ಇರುವವನು ಓದಿಕೊಳ್ಳುತ್ತಾನೆ. ಫೋನು ಮಾತ್ರ ಇರುವ ನನ್ನ ವಿದ್ಯಾರ್ಥಿನಿ ಅದನ್ನು ನನಗೆ ತೋರಿಸಿ, ‘ಸಾರ್, ಇದು ಫ್ರೆಂಚಾ?’ ಅಂತ ಕೇಳಿದಳು. ಕನ್ನಡದ ಮೂಲಕ ಡಿಜಿಟಲ್ ಸಬಲೀಕರಣ ಎಂಬ ಸಂಕಿರಣದ ಪ್ರಕಟಣೆ ಅದು.

ಸಾರುವ ಕೆಲಸ ನಮಗೆ ಹೊಸದಲ್ಲ. ಊರಿಗೆ ಸುದ್ದಿ ಮುಟ್ಟಿಸುತ್ತಿದ್ದದ್ದೇ ನಮ್ಮವರು. ನಮ್ಮ ತಾತ ತೋಟಿಯಾಗಿದ್ದವನು. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆಯಿಂದ ಹುದ್ದೆ ಹೋದರೂ ತಮಟೆ ಹೆಗಲಿಂದ ಇಳಿದಿರಲಿಲ್ಲ. ಕಂದಾಯ ಕಟ್ಟೋದು, ಹಬ್ಬ ಇಟ್ಟುಕೊಳ್ಳೋದು, ಸಾವಿನ ಸುದ್ದಿ, ಎಲ್ಲವನ್ನೂ ಆತ ಬೀದಿಬೀದಿ ನಿಂತು ಸಾರುತ್ತಿದ್ದ. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ದನಿ ಆತನದು, ಮಾತು ಪಟೇಲನದು. ಸಾರಿದ ಸಭೆಗೆ ಆತ ಹೋಗಬಹುದಿತ್ತು, ಆದರೆ ಚಾವಡಿಯ ಕೆಳಗೆ ನಿಲ್ಲಬೇಕಿತ್ತು. ಯಾವ ಪ್ರಕಟಣೆಯನ್ನು ಓದುವಾಗಲೂ ಮಾತು ಯಾರದು, ದನಿ ಯಾರದು, ಕಿವಿ ಯಾರದು ಅಂತ ಬಿಡಿಸಿ ಕೇಳುವ ಅಭ್ಯಾಸ ನನಗೆ ಬಂದದ್ದು ಈ ತಮಟೆಯಿಂದ, ಯಾವ ಸಂಕಥನ ಸಿದ್ಧಾಂತದಿಂದಲೂ ಅಲ್ಲ. ಇವತ್ತು ಕಾಲೇಜಿನಲ್ಲಿ ಸಂಕಿರಣ ನಡೆದರೆ ಅತಿಥಿ ಉಪನ್ಯಾಸಕರಾದ ನಾವು ಪ್ರಕಟಣೆಯನ್ನು ನೂರು ವಾಟ್ಸಪ್ ಗುಂಪುಗಳಿಗೆ ಹಂಚುತ್ತೇವೆ. ಹಂಚುವಾಗೆಲ್ಲ ತಾತ ನೆನಪಾಗುತ್ತಾನೆ.

ಪ್ರಕಟಣೆ ಅಂದರೆ ಬರೀ ಸುದ್ದಿ, ಅದರಿಂದ ಯಾರಿಗೇನು ಆಗ್ತದೆ ಅನ್ನುವವರು ಒಂದು ಪ್ರಯೋಗವನ್ನು ನೋಡಬೇಕು. ಅದು ಅರ್ಥಶಾಸ್ತ್ರದ ಒಳಗಿಂದ ಬಂದದ್ದು. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬಿಬ್ಬರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಆರು ಮತ್ತು ಏಳನೇ ತರಗತಿಯ ಹುಡುಗರನ್ನು ಇಟ್ಟುಕೊಂಡು ಮಾಡಿದ ಈ ಅಧ್ಯಯನ 2004ರಲ್ಲಿ ವಿಶ್ವಬ್ಯಾಂಕಿನಿಂದ ಹೊರಬಂತು. ಆರಾರು ಹುಡುಗರ ಗುಂಪು. ಮೂವರು ಮೇಲ್ಜಾತಿ, ಮೂವರು ಚಮಾರರು. ಕೆಲಸ, ಕಾಗದದ ಮೇಲಿನ ದಾರಿ ಹುಡುಕುವ ಚಕ್ರವ್ಯೂಹಗಳನ್ನು ಬಿಡಿಸುವುದು. ಬಿಡಿಸಿದ ಒಂದೊಂದಕ್ಕೆ ಒಂದೊಂದು ರೂಪಾಯಿ. ಜಾತಿಯ ಸುದ್ದಿ ಎತ್ತದೆ ಬಿಟ್ಟಾಗ ಎರಡೂ ಕಡೆಯ ಹುಡುಗರು ಹೆಚ್ಚುಕಡಿಮೆ ಒಂದೇ ಸಮ ಬಿಡಿಸಿದರು. ಇನ್ನು ಕೆಲವು ಗುಂಪುಗಳಲ್ಲಿ ಕೆಲಸ ಶುರುವಾಗುವ ಮೊದಲು ಪ್ರತಿ ಹುಡುಗನ ಹೆಸರು, ಊರು, ಅಪ್ಪನ ಹೆಸರು, ತಾತನ ಹೆಸರು, ಜಾತಿ ಇಷ್ಟನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು. ಅಷ್ಟೇ ಮಾಡಿದ್ದು. ಬಯ್ಯಲಿಲ್ಲ, ಹೊಡೆಯಲಿಲ್ಲ, ದೂರ ಕೂರಿಸಲಿಲ್ಲ. ಚಮಾರ ಹುಡುಗರು ಬಿಡಿಸಿದ ಲೆಕ್ಕ ಕುಸಿಯಿತು.

ಇದನ್ನು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ, ಹೊಟ್ಟೆಯೊಳಗೆ ಒಂಥರಾ ಆಯಿತು. ‘ಎಸ್ಸಿ ಎಸ್ಟಿ ಮಕ್ಳು ಎದ್ದು ನಿಂತ್ಕೊಳಿ, ಸ್ಕಾಲರ್‌ಶಿಪ್ ಫಾರಂ ಬಂದದೆ’ ಅನ್ನುವ ಪ್ರಕಟಣೆಗೆ ಎದ್ದು ನಿಂತವರೇ ನಾವೆಲ್ಲ. ಈ ಸಂಚಿಕೆ ಓದುತ್ತಿರುವ ಅರ್ಧ ಜನ ಒಂದಲ್ಲ ಒಂದು ಶಾಲೆಯಲ್ಲಿ ಹಾಗೆ ನಿಂತಿರುತ್ತೀರಿ. ಮೇಷ್ಟ್ರು ಕೆಟ್ಟವರಲ್ಲ, ದುಡ್ಡು ಬರಲಿ ಅಂತಲೇ ಕೂಗಿದ್ದು. ಆದರೆ ಕೂತಿದ್ದವರ ಕಣ್ಣು ನಿಂತವರ ಮೇಲೆ ಬಿದ್ದ ಆ ಅರ್ಧ ನಿಮಿಷದ ನಂತರದ ಗಣಿತದ ಪೀರಿಯಡ್ಡಿನಲ್ಲಿ ನನ್ನ ತಲೆಗೆ ಏನೂ ಹೋಗಿರಲಿಲ್ಲ. ನನಗೆ ಲೆಕ್ಕ ಬರೋದಿಲ್ಲ ಅಂತ ತುಂಬ ವರ್ಷ ನಂಬಿದ್ದೆ.

ಈ ಅಧ್ಯಯನದ ಇನ್ನೊಂದು ತುದಿಯನ್ನು ನಮ್ಮ ಸಂಕಿರಣಗಳ ಟಿಪ್ಪಣಿಗಳು ಎತ್ತುವುದೇ ಇಲ್ಲ. ಬಹುಮಾನ ಯಾರಿಗೆ ಅನ್ನುವುದನ್ನು ಮನುಷ್ಯರ ಕೈಯಿಂದ ಬಿಡಿಸಿ ಚೀಟಿ ಎತ್ತುವುದಕ್ಕೆ ಬಿಟ್ಟಾಗ, ಜಾತಿ ಸಾರಿದ ಮೇಲೂ ಆ ಅಂತರ ಕಾಣಲಿಲ್ಲ. ಅಂದರೆ ಹುಡುಗರು ಕುಗ್ಗಿದ್ದು ‘ಕೀಳರಿಮೆ’ಯಿಂದ ಅಂತ ಹೇಳುವುದು ಪೂರ್ತಿ ಸರಿಯಲ್ಲ. ಇವರು ನಮಗೆ ನ್ಯಾಯವಾಗಿ ಕೊಡೋದಿಲ್ಲ ಅಂತ ಅವರು ಲೆಕ್ಕ ಹಾಕಿದರು. ತಲೆತಲಾಂತರದ ಅನುಭವದಿಂದ ಹಾಕಿದ ಲೆಕ್ಕ ಅದು, ಅದೂ ಬುದ್ಧಿವಂತಿಕೆಯೇ. ಆದರೆ ನನ್ನ ಫೈಲಿನಲ್ಲಿರುವ ಪ್ರಕಟಣೆಗಳಲ್ಲಿ ಇದು ‘ಪರಿಶಿಷ್ಟ ವಿದ್ಯಾರ್ಥಿಗಳ ಆತ್ಮವಿಶ್ವಾಸದ ಕೊರತೆ’ಯಾಗಿ ಬರುತ್ತದೆ. ಸಾರಿದವನ ತಪ್ಪು ಸಾರಿಸಿಕೊಂಡವನ ಮನೋರೋಗವಾಗುವ ಈ ಹುನ್ನಾರವನ್ನು ದಲಿತ ವಿಮರ್ಶೆ ಗುರುತಿಸಬೇಕು.

‘ಕೊರತೆ’ ಎಂಬ ಈ ಪದಕ್ಕೆ ಒಂದು ಚರಿತ್ರೆ ಇದೆ. ಅದು ನಮ್ಮಲ್ಲಿ ಹುಟ್ಟಿದ್ದಲ್ಲ, 1960ರ ದಶಕದ ಅಮೆರಿಕದಿಂದ ಬಂದದ್ದು. ಬಡ ಕರಿಯರ ಮಕ್ಕಳು ಶಾಲೆಯಲ್ಲಿ ಯಾಕೆ ಹಿಂದೆ ಬೀಳುತ್ತಾರೆ ಎಂದು ಹುಡುಕಿದ ಮನೋವಿಜ್ಞಾನಿಗಳು ಆ ಮಕ್ಕಳಿಗೆ ಭಾಷೆಯೇ ಸರಿಯಾಗಿಲ್ಲ ಅಂತ ತೀರ್ಮಾನಿಸಿದರು. ಬೆರೈಟರ್ ಮತ್ತು ಎಂಗಲ್‌ಮನ್ 1966ರಲ್ಲಿ ಬರೆದ ಪುಸ್ತಕ ಇಂಥ ಮಕ್ಕಳಿಗೆ ಭಾಷೆಯನ್ನು ಮೊದಲಿಂದ ಕಲಿಸಬೇಕು ಎಂಬ ನೆಲೆಯಿಂದಲೇ ಹೊರಟಿತು. ಇದಕ್ಕೆ ಎದುರಾಗಿ ನಿಂತವನು ವಿಲಿಯಂ ಲಬೋವ್ ಎಂಬ ಭಾಷಾವಿಜ್ಞಾನಿ. ನ್ಯೂಯಾರ್ಕಿನ ಹಾರ್ಲೆಮ್‌ನ ಹುಡುಗರ ಮಾತನ್ನು ಬೀದಿಯಲ್ಲೇ ಧ್ವನಿಮುದ್ರಿಸಿ, ಕರಿಯರ ಇಂಗ್ಲಿಷಿಗೆ ತನ್ನದೇ ನಿಯಮ, ತನ್ನದೇ ತರ್ಕ ಇದೆ ಅಂತ 1969ರ ತನ್ನ ಲೇಖನದಲ್ಲಿ ತೋರಿಸಿದ.

ಆ ಲೇಖನದ ಒಂದು ಪ್ರಸಂಗ ನನಗೆ ಎಷ್ಟೋ ಸಿದ್ಧಾಂತಗಳಿಗಿಂತ ಬೆಲೆಯುಳ್ಳದ್ದು. ಎಂಟು ವರ್ಷದ ಹುಡುಗನೊಬ್ಬನನ್ನು ಮಾತಾಡಿಸಲು ಹೋದವನು ಕ್ಲಾರೆನ್ಸ್ ರಾಬಿನ್ಸ್, ತಾನೇ ಕರಿಯ, ಹಾರ್ಲೆಮ್ಮಿನಲ್ಲೇ ಬೆಳೆದವನು. ಆದರೂ ಹುಡುಗ ಬಾಯಿ ಬಿಡಲಿಲ್ಲ. ಹೂಂ, ಊಹೂಂ ಅಷ್ಟೇ. ಮುಂದಿನ ಸಲ ರಾಬಿನ್ಸ್ ಆಲೂಗಡ್ಡೆ ಚಿಪ್ಸಿನ ಪೊಟ್ಟಣ ತಂದ, ಹುಡುಗನ ಗೆಳೆಯನನ್ನು ಜೊತೆಗೆ ಕೂರಿಸಿಕೊಂಡ, ತಾನು ನೆಲದ ಮೇಲೆ ಕೂತ, ದೊಡ್ಡವರ ಮುಂದೆ ಆಡಬಾರದ ಮಾತುಗಳನ್ನು ತಾನೇ ಆಡಿದ. ಆಗ ನೋಡಿ, ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಮಾತಾಡಿದರು. ಲಬೋವ್ ಇದರಿಂದ ಹೇಳಿದ್ದು ಮಗುವಿನ ಮೌನ ಮಗುವಿನದಲ್ಲ, ಆ ಸನ್ನಿವೇಶದ್ದು ಅಂತ. ನಾನು ಇದಕ್ಕೆ ಇನ್ನೊಂದು ಮಾತು ಸೇರಿಸುತ್ತೇನೆ, ಅದು ನಮ್ಮವರಿಗೇ ಹೇಳಬೇಕಾದ್ದು. ಕೇಳುವವನು ನಮ್ಮ ಜಾತಿಯವನಾದರೆ ಸಾಕು ಅಂತ ನಾವು ತಿಳಿದಿದ್ದೇವೆ. ಸಾಲದು. ರಾಬಿನ್ಸ್ ಕುರ್ಚಿಯಲ್ಲಿ ಕೂತಿದ್ದಾಗ ಆ ಕುರ್ಚಿಯೇ ಏನನ್ನೋ ಸಾರುತ್ತಿತ್ತು. ನಮ್ಮ ಸಂಘಟನೆಗಳ ಅಧ್ಯಯನ ಶಿಬಿರಗಳ ಕರಪತ್ರವನ್ನೂ ಒಮ್ಮೆ ಓದಿ. ‘ಅಂಬೇಡ್ಕರ್ ಚಿಂತನೆಯ ಸಮಕಾಲೀನ ಪರಿಪ್ರೇಕ್ಷ್ಯಗಳು’ ಅಂತ ಬರೆದು ಕೇರಿಯವರು ಬರಲಿಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತೇವೆ. (ಈ ವಿಶೇಷ ಸಂಚಿಕೆಗೆ ಲೇಖನ ಕೇಳಿ ಬಂದ ಪತ್ರದಲ್ಲೂ ‘ಪರಿಪ್ರೇಕ್ಷ್ಯ’ ಎರಡು ಸಲ ಇತ್ತು. ಸಂಪಾದಕರು ಕ್ಷಮಿಸಬೇಕು.)

ಲಬೋವ್ ಗೆದ್ದ, ಕೊರತೆಯ ವಾದ ಸೋತಿತು ಅಂತ ಭಾಷಾವಿಜ್ಞಾನದ ಪುಸ್ತಕಗಳು ಬರೆಯುತ್ತವೆ. ಸೋತ ವಾದ ಯಂತ್ರದೊಳಗೆ ಮರುಹುಟ್ಟು ಪಡೆದಿದೆ ಅಂತ ನನ್ನ ಗುಮಾನಿ. 2020ರಲ್ಲಿ ಅಮೆರಿಕದ ಸಂಶೋಧಕರು ಅಮೆಜಾನ್, ಆಪಲ್, ಗೂಗಲ್, ಐಬಿಎಂ, ಮೈಕ್ರೋಸಾಫ್ಟ್ ಈ ಐದು ಕಂಪನಿಗಳ, ಮಾತನ್ನು ಬರಹವಾಗಿಸುವ ವ್ಯವಸ್ಥೆಗಳನ್ನು ಪರೀಕ್ಷಿಸಿದರು. ಬಿಳಿಯರ ಮಾತಿನಲ್ಲಿ ಸರಾಸರಿ ನೂರು ಪದಕ್ಕೆ 19 ತಪ್ಪಾದರೆ ಕರಿಯರ ಮಾತಿನಲ್ಲಿ 35. ಯಂತ್ರಕ್ಕೆ ದ್ವೇಷವಿಲ್ಲ, ಅದಕ್ಕೆ ತಿನ್ನಿಸಿದ ಮಾತು ಯಾರದೋ ಅವರ ಕಿವಿ ಅದಕ್ಕೆ ಬಂದಿರುತ್ತದೆ. ಕನ್ನಡದ ಬಗ್ಗೆ ಅಂಕಿಗಳನ್ನು ನಾನು ಹೇಳಲಾರೆ, ಕಂಡದ್ದನ್ನು ಹೇಳುತ್ತೇನೆ. ನಮ್ಮ ಕಡೆ ‘ಹ’ಕಾರ ನಾಲಿಗೆಗೆ ಬರುವುದು ಕಷ್ಟ. ಹಾಲು ‘ಆಲು’, ಹೋಗು ‘ಓಗು’. ಇದನ್ನೇ ಹಿಡಿದು ಆಡಿಕೊಂಡು ನಗುವುದು ಕನ್ನಡ ಸಿನಿಮಾದಿಂದ ಹಿಡಿದು ಸ್ಟಾಫ್ ರೂಮಿನ ತನಕ ನಡೆದು ಬಂದ ಮನರಂಜನೆ. ನನ್ನ ವಿದ್ಯಾರ್ಥಿಯೊಬ್ಬ ನಿಯೋಜಿತ ಕಾರ್ಯವನ್ನು ಫೋನಿಗೆ ಮಾತಾಡಿ ಬರೆಸಿಕೊಂಡು ಬಂದಿದ್ದ. ಅವನು ‘ಅಸಿವು’ ಅಂದದ್ದು ಅಲ್ಲಿ ಬೇರೇನೋ ಆಗಿತ್ತು. ಹಸಿವಿನ ಮೇಲೆ ಬರೆದ ಎರಡು ಪುಟದಲ್ಲಿ ಹಸಿವು ಒಂದು ಕಡೆಯೂ ಇರಲಿಲ್ಲ. ಮೇಷ್ಟ್ರಾದ ನಾನು ಅದಕ್ಕೆ ಕೆಂಪು ಗೆರೆ ಎಳೆದಿದ್ದೆ, ಅದನ್ನೂ ಹೇಳಿಬಿಡಬೇಕು. ನಂಜನಗೂಡು ಸೀಮೆಯ ಆಡುಮಾತನ್ನು ಒಡಲಲ್ಲಿಟ್ಟುಕೊಂಡ ದೇವನೂರ ಮಹಾದೇವರ ‘ಕುಸುಮಬಾಲೆ’ಗೆ 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಅದೇ ಮಾತು ಉತ್ತರ ಪತ್ರಿಕೆಗೆ ಬಂದರೆ ಅಂಕ ಹೋಗುತ್ತದೆ.

ಮನಸ್ಸಿನ ಶಾಸ್ತ್ರ, ಭಾಷೆ, ದೂರದಿಂದ ಕಲಿಸುವ ಯಂತ್ರ ಈ ಮೂರರ ಕೂಟ ಇವತ್ತಿನದು ಅಂತ ಪ್ರಕಟಣೆಗಳು ಸಂಭ್ರಮಪಡುತ್ತವೆ. ನಮ್ಮ ಮೈಸೂರಿನಲ್ಲೇ ಇದಕ್ಕೆ ತೊಂಬತ್ತು ವರ್ಷವಾಯಿತು. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನನ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಆರಂಭವಾದ ಮನೋವಿಜ್ಞಾನ ವಿಭಾಗವನ್ನು ಕಟ್ಟಿದವರು. ಅವರೇ 1935ರಲ್ಲಿ ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರ ನಡೆಸಿದರು. ಆ ಹೆಸರೇ ಮುಂದೆ ದೇಶಕ್ಕೆಲ್ಲ ಹರಡಿತು. ಇದು ದೊಡ್ಡ ಸಾಹಸ, ಅನುಮಾನವಿಲ್ಲ. ಆದರೆ ಸ್ಪಿಯರ್‌ಮನ್ ಅಂದರೆ ಎಲ್ಲ ಬುದ್ಧಿಯ ಹಿಂದೆ ಅಳೆಯಬಹುದಾದ ಒಂದೇ ಸಾಮಾನ್ಯ ಬುದ್ಧಿಶಕ್ತಿ ಇದೆ ಎಂದು 1904ರಲ್ಲಿ ಸಾರಿದವನು ಎಂಬುದನ್ನೂ, 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾದಂದಿನಿಂದ ಮೈಸೂರಿನಲ್ಲಿ ‘ಅರ್ಹತೆ’, ‘ದಕ್ಷತೆ’ ಎಂಬ ಮಾತುಗಳು ಯಾರ ವಿರುದ್ಧ ಬಳಕೆಯಾಗುತ್ತಿದ್ದವು ಎಂಬುದನ್ನೂ ಪಕ್ಕಪಕ್ಕದಲ್ಲಿಟ್ಟು ಯೋಚಿಸಬೇಕು. ಮಾತು ಆಕಾಶದಿಂದ ಇಳಿಯತೊಡಗಿದಾಗ ನಮ್ಮ ತಾತಂದಿರು ಇನ್ನೂ ನೆಲದ ಮೇಲೆ ತಮಟೆ ಬಡಿಯುತ್ತಿದ್ದರು. ಇದರ ಮೇಲೆ ಯಾರಾದರೂ ಸಂಶೋಧನೆ ಮಾಡಬೇಕು, ನನ್ನಿಂದ ಇಲ್ಲಿ ಇಷ್ಟೇ.

ಈಗ ಗೋಡೆಯ ವಿಷಯಕ್ಕೆ ಬರುತ್ತೇನೆ. ನನ್ನ ಫೈಲಿನ ಟಿಪ್ಪಣಿಗಳಲ್ಲಿ ಅತಿ ಹೆಚ್ಚು ಸಲ ಬರುವ ಪವಾಡಕಥೆ ಸುಗತ ಮಿತ್ರ ಅವರದು. 1999ರ ಜನವರಿಯಲ್ಲಿ ದೆಹಲಿಯ ಕಾಲ್ಕಾಜಿಯಲ್ಲಿ, ಎನ್‌ಐಐಟಿ ಕಂಪನಿಯ ಕಚೇರಿಗೂ ಪಕ್ಕದ ಕೊಳೆಗೇರಿಗೂ ನಡುವೆ ಇದ್ದ ಗೋಡೆಯಲ್ಲಿ ಒಂದು ಕಿಂಡಿ ಕೊರೆದು ಕಂಪ್ಯೂಟರ್ ಇಟ್ಟರು. ಮೇಷ್ಟ್ರಿಲ್ಲ, ಪಾಠವಿಲ್ಲ. ಮಕ್ಕಳು ತಾವೇ ಕಲಿತರು. ಇದಕ್ಕೆ ‘ಕನಿಷ್ಠ ಹಸ್ತಕ್ಷೇಪದ ಶಿಕ್ಷಣ’ ಅಂತ ಹೆಸರಾಯಿತು. 2013ರಲ್ಲಿ ಅವರಿಗೆ ಟೆಡ್ ಬಹುಮಾನವೂ ಬಂತು.

ಈ ಕತೆಯಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಭಾಷಾ ಪ್ರಸಂಗ. ಪರದೆ ಇಂಗ್ಲಿಷಿನದು, ಮಕ್ಕಳಿಗೆ ಆ ಇಂಗ್ಲಿಷ್ ಬಾರದು. ಪರದೆಯ ಮೇಲೆ ಓಡಾಡುವ ಬಾಣದ ಗುರುತಿಗೆ ಅವರು ‘ಸೂಯಿ’ ಅಂದರೆ ಸೂಜಿ ಅಂದರು. ಕಾಯಿರಿ ಅಂತ ಹೇಳುವ ಮರಳು ಗಡಿಯಾರದ ಚಿತ್ರ ಅವರ ಕಣ್ಣಿಗೆ ಶಿವನ ‘ಡಮರು’ವಾಗಿ ಕಂಡಿತು. ಭಾಷಿಕ ಕೊರತೆ ಇರುವ ಮಕ್ಕಳು ಮಾಡುವ ಕೆಲಸವಾ ಇದು? ನಮ್ಮ ವಿಶ್ವವಿದ್ಯಾಲಯಗಳ ಪಾರಿಭಾಷಿಕ ಸಮಿತಿಗಳು ವರ್ಷಗಟ್ಟಲೆ ಕೂತು ‘ಸಂವಾದಾತ್ಮಕ ಅಂತರ್ಮುಖ’ ಅಂತೆಲ್ಲ ಹೆರುತ್ತವಲ್ಲ, ಅದರ ಪಕ್ಕದಲ್ಲಿ ಈ ಸೂಜಿಯನ್ನೂ ಡಮರುವನ್ನೂ ಇಟ್ಟು ನೋಡಿ.

ಆದರೆ ಗೋಡೆ? ಅದರ ಬಗ್ಗೆ ಪ್ರಕಟಣೆಗಳು ಮಾತಾಡುವುದಿಲ್ಲ. ಕಿಂಡಿ ಕೊರೆದರು, ಗೋಡೆ ಹಾಗೇ ಇತ್ತು. ಒಳಗೆ ಹವಾನಿಯಂತ್ರಿತ ಕಚೇರಿ, ಹೊರಗೆ ಬಿಸಿಲಲ್ಲಿ ನಿಂತ ಮಕ್ಕಳು. ಹೊಟೇಲಿನ ಹಿಂದಿನ ಕಿಂಡಿಯಲ್ಲಿ ಬೇರೆ ಲೋಟದಲ್ಲಿ ಚಹಾ ಕುಡಿದವರ, ಬೊಗಸೆಯೊಡ್ಡಿ ಮೇಲಿಂದ ಸುರಿದ ನೀರು ಕುಡಿದವರ ಮೊಮ್ಮಕ್ಕಳಾದ ನಾವು ಈ ಚಿತ್ರವನ್ನು ಬೇರೆಯವರ ಹಾಗೆ ನೋಡಲು ಆಗುವುದಿಲ್ಲ. ಕನಿಷ್ಠ ಹಸ್ತಕ್ಷೇಪ ಅಂದರೆ ನಮ್ಮ ಭಾಷೆಯಲ್ಲಿ ಮುಟ್ಟದೆ ಕೊಡುವುದು. ಇದು ಮಿತ್ರರ ಉದ್ದೇಶವಾಗಿತ್ತು ಅಂತ ನಾನು ಹೇಳುತ್ತಿಲ್ಲ, ಅವರ ಕಳಕಳಿ ನಿಜವಾದದ್ದೇ. ಕೊಡುವ ವಿನ್ಯಾಸಕ್ಕೆ ಒಂದು ಹಳೆಯ ನೆನಪು ಇರುತ್ತದೆ, ಅದನ್ನು ಹೇಳುತ್ತಿದ್ದೇನೆ. ಮಾರ್ಕ್ ವಾರ್ಷೌರ್ ಎಂಬ ಶಿಕ್ಷಣತಜ್ಞ ಅಲ್ಲಿಗೆ ಹೋಗಿ ನೋಡಿ 2002-03ರ ಸುಮಾರಿಗೆ ಬರೆದದ್ದು ಹೀಗೆ: ಇಂಟರ್ನೆಟ್ ಸಂಪರ್ಕ ಬಹುಪಾಲು ಕೆಲಸ ಮಾಡುತ್ತಿರಲಿಲ್ಲ, ಹಿಂದಿಯಲ್ಲಿ ಮಕ್ಕಳಿಗೆಂದು ಏನೂ ಇರಲಿಲ್ಲ, ಮಕ್ಕಳು ಹೆಚ್ಚಾಗಿ ಚಿತ್ರ ಬಿಡಿಸುತ್ತ ಆಟ ಆಡುತ್ತ ಇದ್ದರು, ತಾಯ್ತಂದೆಯರಿಗೆ ಇದರ ಬಗ್ಗೆ ಎರಡು ಮನಸ್ಸಿತ್ತು. ವಾರ್ಷೌರ್ ಹೆಸರು ನನ್ನ ಫೈಲಿನ ಒಂದು ಪ್ರಕಟಣೆಯಲ್ಲೂ ಇಲ್ಲ.

ಇಷ್ಟು ಹೇಳಿದ ಮೇಲೆ ಯಂತ್ರದ ವಿರೋಧಿ ಅಂತ ನನ್ನನ್ನು ತಿಳಿಯಬಹುದು. ಹಾಗಲ್ಲ. ಹಾಫ್ ಮತ್ತು ಪಾಂಡೆಯ ಆ ಚೀಟಿ ಎತ್ತುವ ಪ್ರಸಂಗ ನನ್ನನ್ನು ಬಿಡುವುದಿಲ್ಲ. ಮನುಷ್ಯರ ಕೈ ಇಲ್ಲದ ಕಡೆ ನಮ್ಮ ಹುಡುಗರು ಧೈರ್ಯವಾಗಿ ಬಿಡಿಸಿದರು ಅನ್ನುವುದು ಸಣ್ಣ ಮಾತಲ್ಲ. ಬಿ.ಎಫ್. ಸ್ಕಿನ್ನರ್ 1958ರಲ್ಲಿ ಕಲಿಸುವ ಯಂತ್ರಗಳ ಬಗ್ಗೆ ಬರೆದಾಗ ಹೇಳಿದ್ದು ಪ್ರತಿ ಮಗು ತನ್ನ ವೇಗದಲ್ಲಿ ಕಲಿಯಬಹುದು, ಉತ್ತರ ಸರಿಯೋ ತಪ್ಪೋ ಕೂಡಲೇ ತಿಳಿಯುತ್ತದೆ ಅಂತ. ಎಡಪಂಥೀಯ ಗೆಳೆಯರು ಸ್ಕಿನ್ನರ್ ಅಂದರೆ ಇಲಿ, ಪಾರಿವಾಳ ಅಂತ ಮೂಗು ಮುರಿಯುತ್ತಾರೆ. ಹೆಸರು ಕೇಳಿದ ಕೂಡಲೇ ಅಪ್ಪನ ಹೆಸರು, ಆಮೇಲೆ ಊರು, ಆಮೇಲೆ ‘ಊರಲ್ಲಿ ಯಾವ ಕಡೆ ಮನೆ?’ ಅಂತ ಕೇಳದ ಮೇಷ್ಟ್ರು ಯಂತ್ರವಾದರೂ ಸರಿಯೇ ಅನ್ನುವ ಆಸೆ ಅವರಿಗೆ ಅರ್ಥವಾಗುವುದಿಲ್ಲ. ಅದು ನನ್ನ ಆಸೆ ಕೂಡ.

ಆ ಆಸೆಗೆ ಏನಾಯಿತು ಅನ್ನುವುದನ್ನು 2020 ತೋರಿಸಿತು. ಮೇ 17ರಂದು ಕೇಂದ್ರ ಹಣಕಾಸು ಸಚಿವರು, ಮೊದಲ ನೂರು ವಿಶ್ವವಿದ್ಯಾಲಯಗಳು ಮೇ 30ರೊಳಗೆ ಆನ್‌ಲೈನ್ ಕೋರ್ಸು ತೆರೆಯಬಹುದು ಅಂತ ಪ್ರಕಟಿಸಿದರು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಗ್ರಾಮೀಣ ಮನೆಗಳಲ್ಲಿ ಕಂಪ್ಯೂಟರ್ ಇದ್ದದ್ದು ಶೇಕಡಾ 4.4ರಲ್ಲಿ, ಇಂಟರ್ನೆಟ್ ಸುಮಾರು 15ರಲ್ಲಿ. ಜೂನ್ 1ರಂದು ಕೇರಳದಲ್ಲಿ ದೂರದ ಪಾಠಗಳು ಶುರುವಾದವು. ಅದೇ ದಿನ ಮಲಪ್ಪುರಂ ಜಿಲ್ಲೆಯಲ್ಲಿ ಒಂಬತ್ತನೇ ತರಗತಿಯ ದಲಿತ ಹುಡುಗಿಯೊಬ್ಬಳು ಜೀವ ಕಳೆದುಕೊಂಡಳು. ಮನೆಯ ಟೀವಿ ಕೆಟ್ಟಿತ್ತು, ಸ್ಮಾರ್ಟ್‌ಫೋನ್ ಇರಲಿಲ್ಲ. ಮುಂದಿನ ವರ್ಷ, 2021ರ ಏಪ್ರಿಲ್‌ನಲ್ಲಿ, ಖರಗ್‌ಪುರದ ಐಐಟಿಯ ಪೂರ್ವಸಿದ್ಧತಾ ತರಗತಿಯ ವಿಡಿಯೋ ಹೊರಬಂತು. ಅದು ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆಂದು ಇರುವ ತರಗತಿ, ಕಂಪ್ಯೂಟರ್ ಮೂಲಕ ನಡೆಯುತ್ತಿದ್ದದ್ದು ಇಂಗ್ಲಿಷ್ ಪಾಠ. ಪ್ರಾಧ್ಯಾಪಕಿ ವಿದ್ಯಾರ್ಥಿಗಳನ್ನು ಬಾಯಿಗೆ ಬಂದಂತೆ ಬೈದಿದ್ದರು. ಅವರನ್ನು ಆಮೇಲೆ ಅಮಾನತು ಮಾಡಿದರು. ಭಾಷೆ, ಮನಸ್ಸು, ಕಂಪ್ಯೂಟರ್ ಮೂರೂ ಒಂದೇ ಪರದೆಯಲ್ಲಿ ಕೂಡಿದ್ದವು. ಈ ಬೈಗುಳ ಯಾವುದಾದರೂ ಸಂಕಿರಣದ ಉಪವಿಷಯ ಆಗಿದೆಯೋ ಅಂತ ಹುಡುಕಿದೆ, ನನಗೆ ಕಾಣಲಿಲ್ಲ.

ಒಬ್ಬ ಹಿರಿಯ ಗೆಳೆಯರಿಗೆ ಈ ಲೇಖನದ ಕರಡು ತೋರಿಸಿದ್ದೆ. ಬೂಸಾ ಚಳವಳಿಯನ್ನು ಕಣ್ಣಾರೆ ಕಂಡವರು. ‘ನೀನು ಹಳ್ಳಿ ಮಾತು, ತಮಟೆ ಅಂತ ರೊಮ್ಯಾಂಟಿಕ್ ಆಗಬೇಡ ಕಣೋ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಜಾಸ್ತಿ ಇದೆ, ಇಂಗ್ಲಿಷ್ ಕಲೀರಿ ಅಂದದ್ದಕ್ಕೆ ಮಂತ್ರಿಗಿರಿ ಕಳಕೊಂಡರು. ಈಗ ಆ ಇಂಗ್ಲಿಷೂ ಕಂಪ್ಯೂಟರೂ ಬಾಗಿಲಿಗೆ ಬಂದಿರುವಾಗ ನೀನು ಪ್ರಕಟಣೆಯ ಕಾಗುಣಿತ ನೋಡ್ತಾ ಕೂತಿದ್ದೀಯ’ ಅಂದರು. ಅವರ ಮಾತಿನಲ್ಲಿ ತೂಕವಿದೆ. ಇಂಗ್ಲಿಷ್ ಬೇಡ, ಕಂಪ್ಯೂಟರ್ ಬೇಡ ಅನ್ನುವ ಐಷಾರಾಮ ನಮಗಿಲ್ಲ. ಆದರೆ ಬಸವಲಿಂಗಪ್ಪನವರು ಹೇಳಿದ್ದು ‘ಕಲೀರಿ’ ಅಂತ, ನೇರವಾಗಿ ನಮ್ಮ ಮುಖ ನೋಡಿ, ಮಧ್ಯಮ ಪುರುಷದಲ್ಲಿ. ‘ಅವಕಾಶವಂಚಿತರಿಗೆ ಇಂಗ್ಲಿಷನ್ನು ಒದಗಿಸಲಾಗುವುದು’ ಅಂತಲ್ಲ. ಊರೆಲ್ಲ ಉರಿದೆದ್ದದ್ದು ‘ಬೂಸಾ’ ಪದಕ್ಕೆ ಅಂತ ನಾವು ಓದಿದ್ದೇವೆ. ಆ ಮಂತ್ರಿ ಯಾರ ಕಡೆ ಮುಖ ಮಾಡಿ ಮಾತಾಡಿದರು ಅನ್ನುವುದೂ ಸಿಟ್ಟಿಗೆ ಕಾರಣವಾಗಿರಬಹುದಲ್ಲವೇ ಅಂತ ಗೆಳೆಯರನ್ನು ಕೇಳಿದೆ. ‘ಬರಿ, ಬರಿ’ ಅಂದರು, ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ.

ಹೋದ ಸೆಮಿಸ್ಟರಿನಲ್ಲಿ ಎರಡನೇ ವರ್ಷದ ಬಿ.ಎ. ತರಗತಿಗೆ ಈ ಪ್ರಕಟಣೆಗಳಲ್ಲಿ ಒಂದನ್ನು ಕೊಟ್ಟು, ಇದನ್ನು ನಿಮ್ಮ ಬೀದಿಯಲ್ಲಿ ನಿಂತು ಸಾರಬೇಕು, ಹೇಗೆ ಸಾರ್ತೀರಿ ಬರೀರಿ ಅಂದೆ. ಕೆಲವರು ಅದನ್ನೇ ನಕಲು ಮಾಡಿದರು. ಇಬ್ಬರು ಹುಡುಗರು ತಮಟೆ ಅಂದ ಕೂಡಲೇ ತಲೆ ತಗ್ಗಿಸಿದರು. ಅದು ನನ್ನ ತಪ್ಪು, ಆ ಪದವನ್ನು ತರಗತಿಯಲ್ಲಿ ಹಾಗೆ ಎತ್ತಬಾರದಿತ್ತು, ಎತ್ತಿದ ಮೇಲೆ ಹೊಳೆಯಿತು. ಹಿಂದಿನ ಬೆಂಚಿನ, ಯಾವತ್ತೂ ಮಾತಾಡದ ಒಬ್ಬ ಹುಡುಗಿ ಬರೆದದ್ದನ್ನು ಅವಳ ಒಪ್ಪಿಗೆ ಪಡೆದು ಇಲ್ಲಿ ಕೊಡುತ್ತಿದ್ದೇನೆ.

‘ಕೇಳ್ರಪ್ಪೋ ಕೇಳ್ರಿ. ಬರೋ ತಿಂಗಳು ಎರಡು ದಿನ ಕಾಲೇಜಲ್ಲಿ ದೊಡ್ಡೋರು ಸೇರ್ತರಂತೆ. ನಮ್ ಮಕ್ಳಿಗೆ ಮಾತು ಯಾಕ್ ಬರಾಕಿಲ್ಲ ಅಂತ ಮಾತಾಡ್ತರಂತೆ. ನಾವೂ ಓಗ್ಬೋದಂತೆ. ಒಂಬೈನೂರು ರೂಪಾಯಿ ಕಟ್ಬೇಕಂತೆ, ಪೋನಲ್ಲೇ ಕಟ್ಬೇಕಂತೆ. ಮದ್ಯಾನ ಊಟ ಅದೆ. ಉಳ್ಕೊಳಾಕೆ ಜಾಗ ಇಲ್ಲ. ನಾವು ಬಾಯಿ ಬುಟ್ರೆ ಏನ್ ಮಾಡ್ತರೆ ಅಂತ ಇದ್ರಲ್ಲಿ ಬರ್ದಿಲ್ಲ.’

ಇದನ್ನು ಮೂಲ ಪ್ರಕಟಣೆಯ ಪಕ್ಕದಲ್ಲೇ ಫಲಕಕ್ಕೆ ಚುಚ್ಚಿದೆವು. ಮೂರನೇ ದಿನ ಕಚೇರಿಯಿಂದ ಕರೆ ಬಂತು. ಏನು ಬರೆದಿದೆ ಅಂತ ಯಾರೂ ಕೇಳಲಿಲ್ಲ. ಕೇಳಿದ್ದು, ಇದಕ್ಕೆ ಸಂಖ್ಯೆ, ದಿನಾಂಕ, ಮೊಹರು ಯಾಕಿಲ್ಲ ಅಂತ. ಹುಡುಗಿಯ ಹಾಳೆಯನ್ನು ಬಿಚ್ಚಿ ನನ್ನ ಫೈಲಿಗೆ ಸೇರಿಸಿದ್ದೇನೆ. ಸಂಕಿರಣದ ದಿನ ಅವಳು ಬಂದಿದ್ದಳು, ಸ್ವಾಗತದ ಮೇಜಿನ ಬಳಿ ನಿಂತು ಬಂದವರಿಗೆ ಫೈಲು, ಪೆನ್ನು ಹಂಚುತ್ತಿದ್ದಳು.